ಬ್ರೇಕ್ ಎಣ್ಣೆಯ ಡಬ್ಬಿ

ಪೀಳಮೇಡು, ಕೊಯಮತ್ತೂರು
12–3–1956

ಚಿ. ಪ್ರಹ್ಲಾದನಿಗೆ ಆಶೀರ್ವಾದಗಳು.

ಈ ಕಾಗದವನ್ನು ಬೇಕೆಂದೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಮ್ಮ ಈಗ ನಿನ್ನ ಮನೆಯಲ್ಲಿದ್ದಾರೆ. ನಾವು ಮನೆಯಲ್ಲಿ ಆಡುವುದು ಕನ್ನಡವಾದರೂ ಅವರಿಗೆ ಓದಲು ಬರುವುದು ತಮಿಳು ಮಾತ್ರ. ನಿನ್ನ ಅಣ್ಣ ಮದುವೆಯಾದ ವರ್ಷ ನನಗೆ ಕನ್ನಡ ಅಕ್ಷರ ಕಲಿಸಿದ್ದು ದೇವರನಾಮ ಓದಲಿ ಎಂದು. ಹೀಗೆ ಅತ್ತೆಯಿಂದ ಮುಚ್ಚಿಡಲು ಉಪಯೋಗಕ್ಕೆ ಬರುತ್ತದೆ ಎಂದು ಅವರು ಎಣಿಸಿರಲಾರರು.

ಅವರು ಹೋಗಿ ಎರಡು ತಿಂಗಳಾಯಿತು. ನಾನು ಸ್ಕೂಲಿಗೆ ಹೋಗುತ್ತಿದ್ದೇನೆ. ಪರೀಕ್ಷೆಯ ಪೇಪರುಗಳನ್ನು ತಿದ್ದಿದ್ದೇನೆ. ಊಟ ಮಾಡುತ್ತೇನೆ. ಕೇಳುವವರಿಗೆ ಇಷ್ಟು ಸಾಕೆಂದು ತೋರುತ್ತದೆ.

ಪೊಳ್ಳಾಚಿ ಕೋರ್ಟಿನಿಂದ ನೋಟೀಸು ಬಂದಿದೆ. ಡ್ರೈವರ್ ತಂಗವೇಲುವಿನ ಮೇಲೆ ಪೊಲೀಸರು ಹಾಕಿರುವ ಕೇಸಿನಲ್ಲಿ ನಾನು ಮೂರನೆಯ ಸಾಕ್ಷಿ. ಜೂನ್ ಹದಿನೆಂಟಕ್ಕೆ ವಿಚಾರಣೆ. ಅವನ ಅಜಾಗರೂಕತೆಯಿಂದಲೇ ವಾಲ್ಪಾರೈ ಘಾಟಿ ಇಳಿಯುವಾಗ ಜೀಪಿಗೆ ಬ್ರೇಕ್ ಇಲ್ಲದೆ ಹೋಯಿತು, ಅದರಿಂದ ನಿನ್ನ ಅಣ್ಣ ಸತ್ತರು ಎಂಬುದು ಅವರ ವಾದ. ಸಾಬೀತಾದರೆ ಎರಡು ವರ್ಷ ಜೈಲು. ಲೈಸೆನ್ಸ್ ಹೋಗುತ್ತದೆ.

ಮೋಟಾರ್ ಇನ್‌ಸ್ಪೆಕ್ಟರು ಕೊಟ್ಟ ರಿಪೋರ್ಟಿನ ನಕಲನ್ನು ವಕೀಲರು ತೋರಿಸಿದರು. ಬ್ರೇಕಿನೊಳಗಿನ ಸಣ್ಣ ಬಟ್ಟಲಿನಂಥ ರಬ್ಬರ್ ಕಪ್ಪುಗಳು ಊದಿ, ಮೆತ್ತಗಾಗಿ, ಹರಿದಿದ್ದವು. ಒಳಗಿದ್ದದ್ದು ಬ್ರೇಕ್ ಎಣ್ಣೆಯಲ್ಲ, ಯಾವುದೋ ಖನಿಜ ಎಣ್ಣೆ ಎಂದು ಅದರಲ್ಲಿದೆ. ತಂಗವೇಲು ಹೇಳುವುದು ಒಂದೇ ಮಾತು: ನಮ್ಮ ಮನೆಯ ಡಬ್ಬಿಯಲ್ಲಿ ಇದ್ದದ್ದನ್ನೇ ಹಾಕಿದ್ದು, ಹಾಕುವಾಗ ಯಜಮಾನರೂ ಜೊತೆಗಿದ್ದರು.

ನಿನ್ನ ಅಣ್ಣನ ಕಪಾಟಿನಲ್ಲಿ ಜೀಪಿನ ಇಂಗ್ಲಿಷ್ ಪುಸ್ತಕವಿತ್ತು. ದಿನಕ್ಕೆ ಎರಡು ಪುಟದಂತೆ ಓದುತ್ತಿದ್ದೇನೆ. ಪೆಡಲ್ ಒತ್ತಿದರೆ ಅದು ಒಂದು ಸಿಲಿಂಡರಿನಲ್ಲಿರುವ ಎಣ್ಣೆಯನ್ನು ನೂಕುತ್ತದೆ. ಎಣ್ಣೆಯನ್ನು ಹಿಂಡಿ ಕಿರಿದು ಮಾಡಲಾಗದ್ದರಿಂದ ಕಾಲಿನ ಒತ್ತಡ ಸಣ್ಣ ಕೊಳವೆಗಳ ಮೂಲಕ ನಾಲ್ಕು ಚಕ್ರಗಳಿಗೂ ಹೋಗುತ್ತದೆ. ಅಲ್ಲಿ ಶೂ ಎನ್ನುವ ಎರಡು ಕಮಾನುಗಳು ಅಗಲವಾಗಿ, ಚಕ್ರದ ಜೊತೆ ತಿರುಗುವ ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುತ್ತವೆ. ಎಣ್ಣೆ ಸೋರದಂತೆ ತಡೆಯುವುದು ಬೆರಳತುದಿಯಷ್ಟಿರುವ ರಬ್ಬರ್ ಕಪ್ಪುಗಳು. ಅಷ್ಟು ದೊಡ್ಡ ವಾಹನ ಅವುಗಳ ಮೇಲೆ ನಿಂತಿದೆ.

ಒಂದು ವಿಷಯ ಕೇಳಬೇಕಿತ್ತು. ನೀನು ಮಿಲ್ಲಿನ ಸ್ಟೋರಿನವನು. ನೂಲುವ ಕದಿರುಗಳಿಗೆ ಹಾಕುವ ಸ್ಪಿಂಡಲ್ ಆಯಿಲ್ ಯಾವುದರಿಂದ ಮಾಡಿದ್ದು? ಹರಳೆಣ್ಣೆಯ ಜಾತಿಯೋ, ನೆಲದಿಂದ ತೆಗೆದದ್ದೋ?

ಅಮ್ಮನಿಗೆ ನಮಸ್ಕಾರ ತಿಳಿಸು. ಕೇಸಿನ ವಿಷಯ ಹೇಳಬೇಡ.

ವನಮಾಲಾ


ತಿರುಪ್ಪೂರು
21–3–1956

ಗಂ. ಭಾ. ಅತ್ತಿಗೆಯವರಿಗೆ ಪ್ರಹ್ಲಾದನ ಸಾಷ್ಟಾಂಗ ನಮಸ್ಕಾರಗಳು.

ಕಾಗದ ತಲುಪಿತು. ಅಮ್ಮ ಅದನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿ, “ಏನಪ್ಪಾ, ನಿಮ್ಮ ಅತ್ತಿಗೆಗೆ ತಮಿಳು ಮರೆತುಹೋಯ್ತಾ?” ಎಂದು ಕೇಳಿದರು. ದೇವರನಾಮ ಬರೆದು ಕಳಿಸಿದ್ದಾರೆ ಎಂದೆ. “ಹಾಗಾದರೆ ಹಾಡು” ಎಂದುಬಿಟ್ಟರು. ಕಾಗದ ಮುಂದೆ ಹಿಡಿದುಕೊಂಡು ಬಾಯಿಗೆ ಬಂದ ಒಂದನ್ನು ಹಾಡಬೇಕಾಯಿತು. ನಿಮ್ಮ ಓರಗಿತ್ತಿ ಭಾಮಾ ಸೆರಗು ಬಾಯಿಗಿಟ್ಟುಕೊಂಡು ಹಿತ್ತಲಿಗೆ ಓಡಿದಳು.

ಅಮ್ಮ ಒಂದೇ ಹೊತ್ತು ಊಟ ಮಾಡುತ್ತಾರೆ. ಭಾಮಾ ಬಡಿಸಿದರೆ “ಇದು ಸಾರಾ, ಕೈ ತೊಳೆದ ನೀರಾ?” ಎನ್ನುತ್ತಾರೆ. ಅಷ್ಟು ಅಂದ ಮೇಲೆ ಎಲೆ ನೋಡುತ್ತ ಕೂತುಬಿಡುತ್ತಾರೆ. “ಆ ಜೀಪು ವಂಡಿ ಯುದ್ಧದಲ್ಲಿ ಎಷ್ಟು ಜನರನ್ನು ತಿಂದಿತ್ತೋ, ಇವನು ಅದನ್ನು ಹರಾಜಿನಲ್ಲಿ ಕೊಂಡುಕೊಂಡು ಬಂದ” ಎಂದು ದಿನಕ್ಕೆ ಹತ್ತು ಸಲ ಹೇಳುತ್ತಾರೆ.

ಅತ್ತಿಗೆ, ನೀವು ಈ ಮೆಷಿನ್ ಪುಸ್ತಕಗಳನ್ನೆಲ್ಲ ಓದಬೇಡಿ. ಮನಸ್ಸು ಇನ್ನೂ ಕೆಡುತ್ತದೆ. ಕೇಸು ಸರ್ಕಾರದ್ದು, ಸರ್ಕಾರ ನೋಡಿಕೊಳ್ಳಲಿ. ಆ ಜೀಪಿನ ಸ್ಟಿಯರಿಂಗ್ ಎಡಗಡೆ. ತಂಗವೇಲು ಎಡಗಡೆ ಕೂತಿದ್ದ, ಅಣ್ಣ ಬಲಗಡೆ. ಬ್ರೇಕ್ ಹೋದಾಗ ಅವನು ಜೀಪನ್ನು ಬಲಗಡೆಯ ಬಂಡೆಗೆ ಗುದ್ದಿಸಿದ. ಅವನಿಗೆ ಕಾಲು ಮುರಿಯಿತು, ಅಣ್ಣ ಹೋದರು. ತನ್ನ ಕಡೆ ಉಳಿಸಿಕೊಂಡ ಎಂದು ಮಿಲ್ಲಿನಲ್ಲಿ ಎಲ್ಲರೂ ಹೇಳುತ್ತಾರೆ. ನನಗೂ ಹಾಗೇ ತೋರುತ್ತದೆ.

ರಾಯರು ನಿಮಗೆ ಧೈರ್ಯ ಕೊಡಲಿ.

ಪ್ರಹ್ಲಾದ


ಪೀಳಮೇಡು
5–4–1956

ಚಿ. ಪ್ರಹ್ಲಾದನಿಗೆ ಆಶೀರ್ವಾದಗಳು.

ನನ್ನ ಹೆಸರಿನ ಮುಂದೆ ನೀನು ಇಷ್ಟು ವರ್ಷ ಸೌ. ಎಂದು ಬರೆಯುತ್ತಿದ್ದೆ, ಈ ಸಲ ಗಂಡ ಹೋದವರಿಗೆ ಬರೆಯುವ ಗಂ. ಭಾ. ಎಂದು ಬರೆದಿದ್ದೀಯೆ. ಸರಿಯಾಗಿಯೇ ಬರೆದಿದ್ದೀಯೆ. ಬೇರೆ ಯಾರಿಗೋ ಬಂದ ಕಾಗದವನ್ನು ಒಡೆದೆನೇನೋ ಎಂದು ಒಂದು ಕ್ಷಣ ಅನ್ನಿಸಿತು, ಅಷ್ಟೆ.

ಎಣ್ಣೆಯ ವಿಷಯ ಕೇಳಿದ್ದೆ. ಉತ್ತರ ಬರಲಿಲ್ಲ.

ಪೊಲೀಸರು ನೋಡಿ ಮುಗಿಸಿದ ಮೇಲೆ ಜೀಪನ್ನು ಎಳೆಸಿ ತಂದು ಗಣಪತಿ ಊರಿನಲ್ಲಿ ನಮ್ಮ ಪಂಪ್ ವರ್ಕ್‌ಷಾಪಿನ ಹಿಂದೆ ಬಿಟ್ಟಿದ್ದಾರೆ. ಬಲಭಾಗದ ಮೇಲೆ ಗೋಣಿ ಮುಚ್ಚಿದ್ದಾರೆ. ಭಾನುವಾರ ಹೋಗಿದ್ದೆ. ಹಳೆಯ ಮೇಸ್ತ್ರಿ ದೊರೈಸಾಮಿ ಇದ್ದರು. ಹಿಂದಿನ ಎಡ ಚಕ್ರ ಬಿಚ್ಚಿ ತೋರಿಸಿ ಎಂದೆ.

“ಪುಸ್ತಕದಲ್ಲಿ ಓದಿದ್ದೀರಂತೆ ಟೀಚರಮ್ಮಾ. ಪುಸ್ತಕದಲ್ಲಿ ಕೈ ಕರೀ ಆಗೋದಿಲ್ಲ, ಇಲ್ಲಿ ಆಗುತ್ತೆ. ಸೀರೆ ಎತ್ತಿ ಕಟ್ಟಿಕೊಳ್ಳಿ” ಎಂದರು. ಅವರು ಮಾತಾಡಿದ್ದು ತಮಿಳಿನಲ್ಲಿ, ನಮ್ಮ ಮಾತಿನಲ್ಲಿ ಬರೆಯುತ್ತಿದ್ದೇನೆ.

ಡ್ರಮ್ ಹೊರಗೆ ಬಂತು. ಒಳಮೈ ನೀಲಿಗಟ್ಟಿತ್ತು. ಕಾದರೆ ಕಬ್ಬಿಣ ಹಾಗಾಗುತ್ತದಂತೆ. ಶೂಗಳ ಲೈನಿಂಗ್ ಪಟ್ಟಿ ಹೊಸದು, ಡಿಸೆಂಬರ್ ಕೊನೆಯಲ್ಲಿ ಹಾಕಿಸಿದ್ದು. ಅದೇ ದಿನ ನಿನ್ನ ಅಣ್ಣ ಹಳೆಯ ಎಣ್ಣೆಯನ್ನೆಲ್ಲ ತೆಗೆದು, ಡಬ್ಬಿಯ ಎಣ್ಣೆ ತುಂಬಿ, ತಂಗವೇಲುವಿನಿಂದ ಪೆಡಲ್ ತುಳಿಸುತ್ತ ಒಂದೊಂದು ಚಕ್ರದಿಂದಲೂ ಗಾಳಿಗುಳ್ಳೆ ಬಿಡಿಸಿದ್ದರು. ಪುಸ್ತಕದಲ್ಲಿ ಇರುವ ಕ್ರಮದಲ್ಲೇ, ದೂರದ ಚಕ್ರದಿಂದ ಶುರುಮಾಡಿ. ಕೆಲಸದಲ್ಲಿ ಒಂದು ತಪ್ಪೂ ಇರಲಿಲ್ಲ.

ಮೇಸ್ತ್ರಿ ಸಿಲಿಂಡರ್ ಬಿಚ್ಚಿ ಕಪ್ಪನ್ನು ನನ್ನ ಅಂಗೈಯಲ್ಲಿ ಇಟ್ಟರು. “ನೋಡಿ, ನೆನೆಹಾಕಿದ ಉದ್ದಿನ ಹಾಗೆ ಊದಿದೆ. ಬ್ರೇಕ್ ಎಣ್ಣೆ ಅಂದರೆ ಹರಳೆಣ್ಣೆಗೆ ಸ್ಪಿರಿಟ್ ಸೇರಿಸಿದ್ದು. ರಬ್ಬರಿಗೆ ಅದು ಆಗುತ್ತೆ. ಮೆಷಿನ್ ಎಣ್ಣೆ ಆಗೋದಿಲ್ಲ. ಮೊದಲು ಊದಿ ಸಿಕ್ಕಿಕೊಳ್ಳುತ್ತೆ. ಕಾಲು ತೆಗೆದರೂ ಬ್ರೇಕ್ ಬಿಡೋದಿಲ್ಲ, ಚಕ್ರ ಕಾಯುತ್ತೆ. ಬಿಗಿಯಾಗಿದೆ ಅಂತ ಶೂಗಳನ್ನು ಸಡಿಲ ಮಾಡಿಕೊಂಡು ಹೋಗಿದ್ದಾರೆ. ಇಳಿಜಾರಿನಲ್ಲಿ ಕಾದೂ ಕಾದೂ ಕಪ್ಪು ಹರಿಯಿತು. ಆಮೇಲೆ ಪೆಡಲ್ ಎಂಬೋದು ಬರೀ ತಗಡು.”

“ಡಬ್ಬಿಯಲ್ಲಿ ಬೇರೆ ಎಣ್ಣೆ ಇದ್ದರೆ ವಾಸನೆಯಿಂದ ತಿಳಿಯುವುದಿಲ್ಲವೇ?” ಎಂದೆ.

“ಮೂಗಿದ್ದರೆ ತಿಳಿಯುತ್ತೆ. ತಂಗವೇಲು ನಶ್ಯದ ಆಸಾಮಿ. ಯಜಮಾನರಿಗೆ ಮಾರ್ಗಳಿ ತಿಂಗಳ ಚಳಿಗೆ ನೆಗಡಿ.”

ಕಪಾಟಿನಲ್ಲಿ ನಿನ್ನ ಅಣ್ಣ ಪತ್ರಿಕೆಯಿಂದ ಕತ್ತರಿಸಿಟ್ಟ ಒಂದು ಚಿತ್ರವಿತ್ತು. ವಿಲಾಯತಿಯಲ್ಲಿ ರೇಸ್ ಕಾರುಗಳಿಗೆ ಡ್ರಮ್ ಬದಲು ಬಯಲಿನಲ್ಲೇ ತಿರುಗುವ ತಟ್ಟೆ ಹಾಕಿ, ಅದನ್ನು ಎರಡು ಕಡೆಯಿಂದ ಇಕ್ಕಳದಂತೆ ಹಿಡಿಸುತ್ತಾರಂತೆ. ಗಾಳಿಯಾಡುವುದರಿಂದ ಬೇಗ ಕಾಯುವುದಿಲ್ಲ. ಮೇಸ್ತ್ರಿಗೆ ತೋರಿಸಿ, ಇದಿದ್ದರೆ ಉಳಿಯುತ್ತಿದ್ದರೇ ಎಂದು ಕೇಳಿದೆ. ಅವರು ತುಂಬ ಹೊತ್ತು ನೋಡಿದರು. “ಇದಕ್ಕೂ ಎಣ್ಣೆಯೇ, ಇದಕ್ಕೂ ರಬ್ಬರೇ ಅಮ್ಮಾ” ಎಂದು ಹಿಂದಕ್ಕೆ ಕೊಟ್ಟರು.

ಬಲಗಡೆ ತಿರುಗಿಸಿದ್ದರ ವಿಷಯವನ್ನೂ ಕೇಳಿದೆ. ಆ ತಿರುವಿನಲ್ಲಿ ಎಡಗಡೆ ಪ್ರಪಾತ ಎಂದರು. ತಂಗವೇಲು ಹ್ಯಾಂಡ್ ಬ್ರೇಕ್ ಎಳೆದಿದ್ದಾನೆ, ಗೇರ್ ಇಳಿಸಿದ್ದಾನೆ. ಎಡಕ್ಕೆ ಬಿಟ್ಟಿದ್ದರೆ ಇಬ್ಬರೂ ಹೋಗುತ್ತಿದ್ದರು. ಇದನ್ನು ಮಿಲ್ಲಿನವರಿಗೆ ಹೇಳು.

ತಂಗವೇಲುವಿನ ಹೆಂಡತಿ ಪೆರಿಯನಾಯಕಿ ನಿನ್ನೆ ಮನೆಗೆ ಬಂದಿದ್ದಳು. ಒಳಗೆ ಕರೆದರೆ ಬರಲಿಲ್ಲ. “ಏನಮ್ಮಾ, ಎರಡು ವರ್ಷ ಅಂತಾರೆ. ಡಬ್ಬಿ ನಿಮ್ಮ ಮನೆಯದು. ನಿಮ್ಮ ಮನೆಯಲ್ಲಿ ಬಾಯಿ ಇರೋದು ಇನ್ನು ನೀವೊಬ್ಬರೇ” ಎಂದಳು. ಅಷ್ಟು ಅಂದು ಹೊರಟುಹೋದಳು.

ಈಗ ನೇರವಾಗಿ ಕೇಳುತ್ತೇನೆ. ಮಾರ್ಗಳಿ ತಿಂಗಳಲ್ಲಿ ನೀನು ನನ್ನ ಹೊಲಿಗೆ ಮೆಷಿನ್ನಿಗೆಂದು ತಂದುಕೊಟ್ಟ ಬಾಟಲಿ ಎಣ್ಣೆ ಯಾವುದು?

ವನಮಾಲಾ


ತಿರುಪ್ಪೂರು
4–5–1956

ಅತ್ತಿಗೆಯವರಿಗೆ ನಮಸ್ಕಾರಗಳು.

ಒಂದು ತಿಂಗಳು ನಿಮಗೆ ಬರೆಯಲಾಗಲಿಲ್ಲ. ಬರೆಯಬಾರದೆಂದೇ ಇದ್ದೆ.

ನೀವು ಸುತ್ತಿ ಸುತ್ತಿ ಎಲ್ಲಿಗೆ ಬರುತ್ತಿದ್ದೀರಿ ಎಂದು ಮೊದಲ ಕಾಗದದಲ್ಲೇ ತಿಳಿದಿತ್ತು. ಹೌದು, ಅದು ಸ್ಪಿಂಡಲ್ ಆಯಿಲ್. ಖನಿಜ ಎಣ್ಣೆಯೇ. ಮಿಲ್ಲಿನದು. ಯಾರಿಗೂ ಹೇಳದೆ, ಚೀಟಿಯಿಲ್ಲದೆ ತಂದದ್ದು. ಸ್ಟೋರಿನಲ್ಲಿ ಎಲ್ಲರೂ ಒಂದೊಂದು ಬಾಟಲಿ ಮನೆಗೆ ಒಯ್ಯುತ್ತಾರೆ. ನಾನು ಹದಿನಾರು ವರ್ಷದಲ್ಲಿ ಒಯ್ದದ್ದು ಅದೊಂದೇ, ಅದೂ ನಿಮ್ಮ ಮೆಷಿನ್ ಕೀಚು ಕೀಚು ಅನ್ನುತ್ತದೆ ಎಂದು ನೀವೇ ಹೇಳಿದ್ದಕ್ಕೆ. ಅದು ಜೀಪಿಗೆ ಹೇಗೆ ಹೋಯಿತು ಎಂದು ನನಗೆ ಗೊತ್ತಿಲ್ಲ. ನಾನೇ ಅಣ್ಣನಿಗೆ “ಬ್ರೇಕಿಗೆ ಇದನ್ನೇ ಹಾಕು, ಉಳಿತಾಯ” ಎಂದು ಹೇಳಿದೆನೆಂದು ನೀವು ಎಣಿಸಿದ್ದರೆ, ಅತ್ತಿಗೆ, ನಾನು ಅಮ್ಮನ ಕಾಲು ಮುಟ್ಟಿ ಹೇಳುತ್ತೇನೆ, ಹೇಳಿಲ್ಲ.

ಕೋರ್ಟಿನಲ್ಲಿ ನನ್ನ ಬಾಟಲಿಯ ಹೆಸರು ಬಂದರೆ ನನ್ನ ಕೆಲಸ ಹೋಗುತ್ತದೆ. ಅಣ್ಣನನ್ನು ಕೊಂದವನು ಎಂಬ ಹೆಸರೂ ಬರುತ್ತದೆ. ನೀವು ನನ್ನನ್ನು ತಮ್ಮನಂತೆ ನೋಡಿಕೊಂಡವರು. ಒಂದು ಡ್ರೈವರನಿಗಾಗಿ ಹೀಗೆ ಮಾಡುತ್ತೀರಾ?

ಪ್ರಹ್ಲಾದ


ಪೀಳಮೇಡು
15–5–1956

ಚಿ. ಪ್ರಹ್ಲಾದನಿಗೆ ಆಶೀರ್ವಾದಗಳು.

ನೀನು ತಪ್ಪು ತಿಳಿದೆ. ತಪ್ಪು ತಿಳಿಯುವಂತೆ ನಾನೇ ಬರೆದೆ. ನಿನ್ನನ್ನು ಹಿಡಿಯಲು ಕೇಳಿದ್ದಲ್ಲ. ಅದು ಖನಿಜ ಎಣ್ಣೆ ಅಲ್ಲ ಎಂದು ನೀನು ಹೇಳಿಬಿಟ್ಟರೆ ಸಾಕು ಎಂದು ಕೇಳಿದೆ.

ಡಬ್ಬಿಗೆ ಅದನ್ನು ತುಂಬಿದವಳು ನಾನು.

ವೈಕುಂಠ ಏಕಾದಶಿಯ ದಿನ ಅಮ್ಮ ಉಪವಾಸವಿದ್ದರು. ಉಗ್ರಾಣದಲ್ಲಿ ತುಳಸಿಮಣಿ ಹುಡುಕುವಾಗ ಮೂಲೆಯಲ್ಲಿದ್ದ ಬ್ರೇಕ್ ಎಣ್ಣೆಯ ಡಬ್ಬಿ ಕೈಗೆ ಸಿಕ್ಕಿತು. ಮುಚ್ಚಳ ತೆಗೆದು ಮೂಸಿದ್ದಾರೆ. ಸ್ಪಿರಿಟ್ ವಾಸನೆ.

“ಏನೇ ವನಮಾಲಾ, ಇದು ಸಾರಾಯಿ ವಾಸನೆ ಹೊಡೆಯುತ್ತೆ. ಈ ಮನೇಲಿ? ಇವತ್ತು?”

ಜೀಪಿನ ಎಣ್ಣೆ ಎಂದೆ.

“ಜೀಪು ಕುಡಿಯುತ್ತಾ? ನನಗೇ ಕಥೆ ಹೇಳ್ತೀಯಾ? ಹೋದ ವಾರ ಮೂಲೆಮನೆಯವನನ್ನು ಪೊಲೀಸು ಎಳಕೊಂಡು ಹೋದಾಗಲೂ ಅವನ ಹೆಂಡತಿ ಇದೇ ಹೇಳಿದಳು, ಮೈಗೆ ತಿಕ್ಕೋ ಎಣ್ಣೆ ಅಂತ.”

ನಿನಗೆ ಗೊತ್ತಲ್ಲ, ಈಗ ಪಾನನಿಷೇಧದ ಪೊಲೀಸರು ಯಾವ ಬೀದಿಗೆ ಬರುತ್ತಾರೆ, ಯಾರ ಮನೆ ಮೂಸುತ್ತಾರೆ ಎಂದು ಹೇಳಲಾಗದು. ನಿನ್ನ ಅಣ್ಣ ಸಂಜೆ ಬಂದು ನಗುತ್ತಲೇ ಹೇಳಿದರು, ಅದು ಕುಡಿಯುವ ವಸ್ತುವಲ್ಲ, ಕುಡಿದರೆ ಕಣ್ಣು ಹೋಗುತ್ತದೆ ಎಂದು. ಅಮ್ಮ ಅಷ್ಟಕ್ಕೇ ಹಿಡಿದುಕೊಂಡರು. “ಕುಡಿದರೆ ಏನಾಗುತ್ತೆ ಅಂತ ನಿನಗೆ ಹೇಗೆ ತಿಳಿಯಿತು?” ನಿನ್ನ ಅಣ್ಣ ಎದ್ದು ಹೊರಗೆ ಹೋದರು. ಅಮ್ಮ ದ್ವಾದಶಿಯ ಪಾರಣೆ ಮಾಡುವುದಿಲ್ಲ ಎಂದು ಕೂತರು. “ಆ ಡಬ್ಬಿ ಈ ಮನೇಲಿ ಇರೋವರೆಗೆ ನಾನು ನೀರೂ ಮುಟ್ಟೋದಿಲ್ಲ. ಚೆಲ್ಲು. ಅವನಿಗೆ ಹೇಳಬೇಡ, ಮತ್ತೆ ತಂದಾನು.”

ದಶಮಿಯ ರಾತ್ರಿಯಿಂದ ಏನೂ ಮುಟ್ಟದ ಎಪ್ಪತ್ತರ ಹೆಂಗಸು. ದ್ವಾದಶಿಯ ಬೆಳಿಗ್ಗೆ ಅವರು ಸ್ನಾನಕ್ಕೆ ಹೋದಾಗ ನಾನು ಡಬ್ಬಿಯನ್ನು ಬಚ್ಚಲ ಕಾಲುವೆಗೆ ಬಗ್ಗಿಸಿದೆ. ಖಾಲಿ ಡಬ್ಬಿ ನೋಡಿದರೆ ನಿನ್ನ ಅಣ್ಣ ಕೇಳುತ್ತಾರೆ, ಮತ್ತೆ ಜಗಳ. ನಿನ್ನ ಬಾಟಲಿ ಹೊಲಿಗೆ ಮೆಷಿನ್ ಪಕ್ಕದಲ್ಲೇ ಇತ್ತು. ಅದೇ ಬಣ್ಣ, ಅಷ್ಟೇ ತೆಳು, ವಾಸನೆಯಿಲ್ಲ. ಮೊದಲು ಎಷ್ಟಿತ್ತೋ ಅಷ್ಟಕ್ಕೇ ತುಂಬಿದೆ. ಅಮ್ಮನಿಗೆ ಮೂಸಲು ಕೊಟ್ಟೆ. ಅವರು ಪಾರಣೆ ಮಾಡಿದರು. ಮನೆ ಸಮಾಧಾನವಾಯಿತು. ನಾಲ್ಕು ದಿನದ ಮೇಲೆ ನಿನ್ನ ಅಣ್ಣ ಲೈನಿಂಗ್ ಹಾಕಿಸಿ ಅದೇ ಎಣ್ಣೆ ತುಂಬಿದರು.

ನನಗೆ ನಾನು ಕೇಳಿಕೊಳ್ಳುವ ಪ್ರಶ್ನೆ ಬೇರೆ. ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ ಕೆಂಪಕ್ಷರದಲ್ಲಿ ಒಂದು ಸಾಲಿತ್ತು: ಬೇರೆ ಯಾವ ಎಣ್ಣೆಯನ್ನೂ ಬೆರೆಸಬಾರದು. ಆ ಮನೆಯಲ್ಲಿ ಅದನ್ನು ಎಲ್ಲರಿಗಿಂತ ಸಲೀಸಾಗಿ ಓದಬಲ್ಲವಳು ನಾನು. ಮಿಷನರಿ ಸ್ಕೂಲಿನಲ್ಲಿ ಹನ್ನೊಂದು ವರ್ಷ ಓದಿ, ಅದೇ ಭಾಷೆಯನ್ನು ಮಕ್ಕಳಿಗೆ ಕಲಿಸುವವಳು. ಓದಿದೆ. ತಮ್ಮ ಡಬ್ಬಿ ಮಾರಾಟವಾಗಲಿ ಎಂದು ಎಲ್ಲ ಕಂಪೆನಿಯವರೂ ಹೀಗೆ ಬರೆಯುತ್ತಾರೆ ಎಂದುಕೊಂಡೆ. ಎಣ್ಣೆ ಎಣ್ಣೆಯೇ ಎಂದುಕೊಂಡೆ.

ಎಲ್ಲವನ್ನೂ ಬರೆದಿದ್ದೇನೆ. ಕೋರ್ಟಿನಲ್ಲಿ ಇದನ್ನು ಹೇಳುತ್ತೇನೆ.

ವನಮಾಲಾ


ತಿರುಪ್ಪೂರು
22–5–1956

ಅತ್ತಿಗೆಯವರಿಗೆ ನಮಸ್ಕಾರಗಳು.

ಮೂರು ಸಲ ಓದಿದೆ. ಏನು ಬರೆಯಲಿ?

ನಿಮ್ಮನ್ನು ತಡೆಯುವುದಿಲ್ಲ. ಆದರೆ ಅಮ್ಮನ ಹೆಸರು ಬೇಡ. “ನನ್ನಿಂದ ಸತ್ತ” ಎಂದು ತಿಳಿದರೆ ಅಮ್ಮ ಒಂದು ದಿನವೂ ಉಳಿಯುವುದಿಲ್ಲ. ನೀವಾಗಿಯೇ ಮಾಡಿದಿರಿ ಎಂದು ಹೇಳಿ. ಎಣ್ಣೆ ಹೊಲಿಗೆ ಮೆಷಿನ್ನಿನದು ಎಂದು ಹೇಳಿದರೆ ಸಾಕು, ಅದೂ ನಿಜವೇ. ಎಲ್ಲಿಂದ ಬಂತೆಂದು ಯಾರೂ ಕೇಳಲಾರರು.

ಇಷ್ಟು ಕೇಳಲು ನನಗೆ ನಾಚಿಕೆಯಾಗುತ್ತಿದೆ. ಆದರೂ ಕೇಳುತ್ತಿದ್ದೇನೆ.

ಪ್ರಹ್ಲಾದ


ಪೀಳಮೇಡು
19–6–1956

ಚಿ. ಪ್ರಹ್ಲಾದನಿಗೆ ಆಶೀರ್ವಾದಗಳು.

ನಿನ್ನೆ ಮುಗಿಯಿತು. ತಂಗವೇಲುವನ್ನು ಬಿಟ್ಟರು.

ಮ್ಯಾಜಿಸ್ಟ್ರೇಟರು ನಾನು ಟೀಚರೆಂದು ತಿಳಿದು ಇಂಗ್ಲಿಷಿನಲ್ಲೇ ಕೇಳಿದರು. ಕಟಕಟೆಯಲ್ಲಿ ಊರುಗೋಲು ಹಿಡಿದು ನಿಂತವನಿಗೂ ಅರ್ಥವಾಗಲೆಂದು ನಾನು ತಮಿಳಿನಲ್ಲಿ ಉತ್ತರ ಕೊಟ್ಟೆ. ಡಬ್ಬಿಯ ಎಣ್ಣೆ ಚೆಲ್ಲಿ ಹೊಲಿಗೆ ಮೆಷಿನ್ನಿನ ಎಣ್ಣೆ ತುಂಬಿದವಳು ನಾನು ಎಂದೆ. ಸರ್ಕಾರಿ ವಕೀಲರಿಗೆ ನಂಬಿಕೆ ಬರಲಿಲ್ಲ.

“ಅಮ್ಮಾ, ಪಾಪ ಅವನ ಹೆಂಡತಿ ಬಂದು ಅತ್ತಿರಬೇಕು. ಕರುಣೆ ಬೇರೆ, ಸಾಕ್ಷಿ ಬೇರೆ.”

“ಅವಳು ಅಳಲಿಲ್ಲ” ಎಂದೆ.

“ಏತಕ್ಕೆ ಚೆಲ್ಲಿದಿರಿ?”

“ಸ್ಪಿರಿಟ್ ವಾಸನೆ ಬರುತ್ತಿತ್ತು. ಮನೆಯಲ್ಲಿ ಅದು ಬೇಡವಾಗಿತ್ತು.”

“ಯಾರಿಗೆ ಬೇಡವಾಗಿತ್ತು?”

“ನನಗೆ.”

ಮ್ಯಾಜಿಸ್ಟ್ರೇಟರು ಡಬ್ಬಿಯನ್ನು ತರಿಸಿ ಆ ಕೆಂಪು ಸಾಲನ್ನು ತೋರಿಸಿದರು. ಇದನ್ನು ಓದಿದ್ದು ಎಣ್ಣೆ ತುಂಬುವ ಮೊದಲೋ ಆಮೇಲೋ ಎಂದು ಕೇಳಿದರು. ಮೊದಲು ಎಂದೆ. ಅವರು ಅದನ್ನು ಬರೆದುಕೊಂಡರು. ಪೆನ್ನಿನ ಶಬ್ದ ಕೇಳುತ್ತಿತ್ತು.

ನನ್ನ ಮೇಲೆ ಏನೂ ಮಾಡುವಂತೆ ಕಾಣುವುದಿಲ್ಲ. ಗಂಡನನ್ನು ಕಳೆದುಕೊಂಡವಳು, ಅರಿಯದೆ ಮಾಡಿದ್ದು ಎಂದು ವಕೀಲರೇ ಹೇಳಿಬಿಟ್ಟರು. ಅರಿಯದೆ ಎಂಬುದನ್ನು ತಿದ್ದಬೇಕೆಂದು ಬಾಯಿ ತೆಗೆದೆ. ಅಷ್ಟರಲ್ಲಿ ಮುಂದಿನ ಕೇಸು ಕೂಗಿದರು.

ಹೊರಗೆ ತಂಗವೇಲು ನನ್ನನ್ನು ನೋಡಿದ. ಕೈ ಮುಗಿಯಲಿಲ್ಲ. ಏನೋ ಕೇಳಬೇಕೆಂದು ನಿಂತವನಂತೆ ಇದ್ದ. ಪೆರಿಯನಾಯಕಿ “ಬಾ, ಬಸ್ಸು ಹೋಗುತ್ತೆ” ಎಂದು ಎಳೆದುಕೊಂಡು ಹೋದಳು.

ನೀನು ಬೇಡವೆಂದ ಎರಡು ಹೆಸರೂ ಬರಲಿಲ್ಲ.

ವನಮಾಲಾ


ತಿರುಪ್ಪೂರು
24–6–1956

ಅತ್ತಿಗೆಯವರಿಗೆ ನಮಸ್ಕಾರಗಳು.

ಅಮ್ಮನಿಗೆ ಗೊತ್ತಾಗಿಹೋಯಿತು. ನಾವು ನಮ್ಮ ಕಾಗದಗಳನ್ನು ಕನ್ನಡದಲ್ಲಿ ಮುಚ್ಚಿಟ್ಟೆವು. ತಮಿಳು ಪೇಪರಿನವರು ಎಲ್ಲವನ್ನೂ ಅರ್ಧ ಅಂಕಣ ಅಚ್ಚು ಹಾಕಿದ್ದಾರೆ. ಭಾಮಾ ಅದರಲ್ಲಿ ಕೊತ್ತಂಬರಿ ಬೀಜ ಒಣಹಾಕಿದ್ದಳು. ಅಮ್ಮ ಬೀಜ ಸರಿಸಿ ಸರಿಸಿ ಓದಿದ್ದಾರೆ.

ಅಳುತ್ತಾರೆ ಎಂದುಕೊಂಡೆ. ಅಳಲಿಲ್ಲ. ಸಿಟ್ಟು. “ನಾನು ಚೆಲ್ಲು ಅಂತ ಹೇಳಿದೆ. ನನ್ನ ಹೆಸರು ಯಾಕೆ ಬಿಟ್ಟಳು? ಇವಳು ಯಾರು ನನ್ನ ಹೆಸರು ಬಿಡೋದಕ್ಕೆ?” ಇದೊಂದೇ ಮಾತು, ಎರಡು ದಿನದಿಂದ. ಹೆಸರು ಬಿಡಿಸಿದ್ದು ನಾನು ಎಂದೆ. ನನ್ನನ್ನು ಒಂದು ಸಲ ನೋಡಿದರು. “ನೀನು ಎಣ್ಣೆ ತಂದೋನು, ಸುಮ್ಮನಿರು” ಎಂದರು. ಅದನ್ನೂ ತಾವೇ ಲೆಕ್ಕ ಹಾಕಿಕೊಂಡಿದ್ದಾರೆ.

ಪೊಳ್ಳಾಚಿಗೆ ಹೋಗಿ ಜಡ್ಜಿಗೆ ತಾನೇ ಹೇಳುತ್ತೇನೆ ಎಂದು ಹಟ. ಕೋರ್ಟು ಮುಗಿಯಿತು ಎಂದರೆ, “ಹಾಗಾದರೆ ಆ ಡ್ರೈವರನಿಗೆ ಹೇಳ್ತೀನಿ” ಎನ್ನುತ್ತಾರೆ. ಗುರುವಾರದ ಬಸ್ಸಿಗೆ ಕರೆತಂದು ಬಿಟ್ಟು ಬರುತ್ತೇನೆ. ನನ್ನಿಂದ ತಡೆಯಲಾಗಲಿಲ್ಲ.

ಪ್ರಹ್ಲಾದ


ಪೀಳಮೇಡು
2–7–1956

ಚಿ. ಪ್ರಹ್ಲಾದನಿಗೆ ಆಶೀರ್ವಾದಗಳು.

ಶನಿವಾರ ಅಮ್ಮನನ್ನು ಗಣಪತಿಗೆ ಕರೆದುಕೊಂಡು ಹೋಗಿದ್ದೆ. ತಂಗವೇಲುವಿನ ಮನೆ ವರ್ಕ್‌ಷಾಪಿನ ಹಿಂದಿನ ಸಾಲಿನಲ್ಲಿದೆ. ತಮ್ಮ ಮಡಿಯ ಕೆಂಪು ಸೀರೆ ಯಾರಿಗೂ ತಾಕದಂತೆ ಒತ್ತಿ ಹಿಡಿದುಕೊಂಡು ನಡೆಯುವ ಅಮ್ಮ ಅವನ ಮನೆಯ ಜಗುಲಿಯ ಮೇಲೆ ತಾವಾಗಿಯೇ ಕೂತರು. ಪೆರಿಯನಾಯಕಿ ಚಾಪೆ ತಂದಳು. ಅಮ್ಮ ಬೇಡವೆಂದರು. ಅವಳು ಬೇರೇನನ್ನೂ ಕೊಡಲು ಹೋಗಲಿಲ್ಲ.

ಅಮ್ಮ ತಮಿಳಿನಲ್ಲಿ ಹೇಳಿದರು. “ನೋಡಪ್ಪಾ, ಎಣ್ಣೆ ಚೆಲ್ಲಿಸಿದ್ದು ನಾನು. ಮಗ ಕುಡೀತಾನೆ ಅಂತ ಎಣಿಸಿದೆ. ಇವಳು ನನ್ನ ಹೆಸರು ಹೇಳಲಿಲ್ಲ. ನಿನ್ನನ್ನು ಐದು ತಿಂಗಳು ಕಳ್ಳನ ಹಾಗೆ ನಿಲ್ಲಿಸಿದರು. ಬೈಯೋದಿದ್ದರೆ ಬೈಯಿ. ಕೇಳಿಸಿಕೊಂಡು ಹೋಗ್ತೀನಿ.”

ತಂಗವೇಲು ಕಾಲು ಚಾಚಿ ಕೂತಿದ್ದ. “ನಿಮ್ಮನ್ನು ಬೈದು ಏನು ಮಾಡಲಿ ದೊಡ್ಡಮ್ಮಾ? ನಿಮಗೆ ವಂಡಿ ವಿಷಯ ಏನು ತಿಳಿಯುತ್ತೆ? ನನಗೆ ಟೀಚರಮ್ಮನ ಹತ್ತಿರ ಒಂದು ಕೇಳೋದಿದೆ. ಕೋರ್ಟಿನಲ್ಲಿ ಕೇಳಲಿಲ್ಲ.”

ನನ್ನ ಕಡೆ ತಿರುಗಿದ.

“ವಾಲ್ಪಾರೈಗೆ ಹೊರಟ ದಿನ ಬೆಳಿಗ್ಗೆ ನಾನು ಸಾರ್ ಹತ್ತಿರ ಹೇಳಿದೆ. ನಾಲ್ಕು ಚಕ್ರವೂ ಸುಡುತ್ತೆ ಸಾರ್, ಬ್ರೇಕ್ ಬಿಡ್ತಾ ಇಲ್ಲ, ಎಣ್ಣೆ ಸರಿ ಇಲ್ಲವೋ ಏನೋ ಅಂತ. ಹೊಸ ಡಬ್ಬಿ ಎಣ್ಣೆ ಕಣಪ್ಪಾ, ಲೈನಿಂಗ್ ಹೊಸದು, ಅದಕ್ಕೇ ಬಿಗಿ ಅಂತ ಹೇಳಿ ಸಾರೇ ಕೆಳಗೆ ಮಲಗಿ ಸಡಿಲ ಮಾಡಿದರು. ನೀವು ನಮಗೆ ಕಾಪಿ ಲೋಟ ಹಿಡಿದುಕೊಂಡು ಮೆಟ್ಟಿಲ ಮೇಲೆ ನಿಂತಿದ್ದಿರಿ. ನಿಮಗೆ ಕೇಳಿಸಿತಾ, ಇಲ್ಲವಾ?”

ಕೇಳಿಸಿತು ಎಂದೆ.

ಮೇ ಹದಿನೈದರ ಕಾಗದದಲ್ಲಿ ಎಲ್ಲವನ್ನೂ ಬರೆದಿದ್ದೇನೆ ಎಂದಿದ್ದೆ. ಇದನ್ನು ಬಿಟ್ಟು ಎಲ್ಲವನ್ನೂ ಬರೆದಿದ್ದೆ.

ಎಣ್ಣೆ ಸರಿಯಿಲ್ಲವೋ ಏನೋ ಎಂದು ಅವನು ಅಂದಾಗ ಆ ಕೆಂಪು ಸಾಲು ನನಗೆ ನೆನಪಾಯಿತು. ಅಮ್ಮ ಒಳಗೆ ಪೂಜೆಯಲ್ಲಿದ್ದರು. ಮನೆಯಲ್ಲಿ ಎರಡು ವಾರದಿಂದ ಯಾರೂ ಯಾರಿಗೂ ಏನೂ ಅಂದಿರಲಿಲ್ಲ. ಡ್ರೈವರನ ಎದುರಿಗೆ ಹೇಳಬೇಕಾಗುತ್ತದೆ, ನಿನ್ನ ಅಣ್ಣನಿಗೆ ವಾಲ್ಪಾರೈ ಎಸ್ಟೇಟಿಗೆ ಹೊತ್ತಾಗಿತ್ತು, ಅಲ್ಲಿಯ ಪಂಪು ನಿಂತು ಎರಡು ದಿನವಾಗಿತ್ತು. ಸಂಜೆ ಬಂದ ಮೇಲೆ ಹೇಳೋಣ ಎಂದುಕೊಂಡೆ. ಕಾಪಿ ಕುಡಿದು ಲೋಟ ಕೊಟ್ಟರು. ಜೀಪು ಬೀದಿ ತಿರುಗುವವರೆಗೆ ನಿಂತಿದ್ದೆ.

ಇಷ್ಟನ್ನೂ ಜಗುಲಿಯ ಮುಂದೆ ನಿಂತು ಹೇಳಿದೆ, ನಿನಗೆ ಬರೆದಂತೆಯೇ. ತಂಗವೇಲು ನಶ್ಯದ ಡಬ್ಬಿ ತೆಗೆದು, ಮುಚ್ಚಿ, ಜೇಬಿಗೆ ಹಾಕಿಕೊಂಡ. “ಸರೀಂಗ. ಅದನ್ನು ತಿಳಿದುಕೊಳ್ಳಬೇಕಿತ್ತು. ನಾನು ಹೇಳಿದ್ದು ಸುಳ್ಳಾ ನಿಜವಾ ಅಂತ ನನಗೇ ಸಂದೇಹ ಬಂದುಬಿಟ್ಟಿತ್ತು” ಎಂದ. ಪೆರಿಯನಾಯಕಿ ಬಾಗಿಲು ಹಾಕಿಕೊಂಡಳು. ಮೇಸ್ತ್ರಿ ಅವನನ್ನು ಕೂತು ಮಾಡುವ ಕೆಲಸಕ್ಕೆ ವರ್ಕ್‌ಷಾಪಿಗೆ ತೆಗೆದುಕೊಂಡಿದ್ದಾರೆ. ಇನ್ನು ವಂಡಿ ಓಡಿಸುವುದಿಲ್ಲವಂತೆ.

ಬರುವಾಗ ಬಸ್ಸಿನಲ್ಲಿ ಅಮ್ಮ ಬೇರೆ ಸೀಟಿನಲ್ಲಿ ಕೂತರು. ಎರಡು ದಿನ ನಾನು ಬಡಿಸಿದೆ, ಅವರು ಉಂಡರು, ಉಪ್ಪು ಹೆಚ್ಚಾಗಿದ್ದರೂ ಏನೂ ಅನ್ನಲಿಲ್ಲ. ಈ ಬೆಳಿಗ್ಗೆ ನೀನು ಕರೆದುಕೊಂಡು ಹೋಗಲು ಬರುವ ದಿನ ಯಾವುದು ಎಂದು ಕೇಳಿದೆ. ಅವರು ಹೂಬತ್ತಿ ಹೊಸೆಯುತ್ತಿದ್ದರು. ತಲೆ ಎತ್ತಲಿಲ್ಲ.

“ನಾನು ತಿರುಪ್ಪೂರಿಗೆ ಹೋಗೋದಿಲ್ಲ. ಅಲ್ಲಿ ನನಗೆ ಊಟ ಇಳಿಯೋದಿಲ್ಲ. ಇಲ್ಲೂ ಇಳಿಯೋದಿಲ್ಲ. ಇಲ್ಲಾದರೆ ಯಾಕೆ ಅಂತ ಕೇಳೋರು ಇಲ್ಲ.”

ಆಗಲಿ ಎಂದೆ. ಅವರ ಪೆಟ್ಟಿಗೆಯನ್ನು ಬಸ್ಸಿನ ಮೇಲೆ ಹಾಕಿಸು. ನಾನು ಹೋಗಿ ಇಳಿಸಿಕೊಳ್ಳುತ್ತೇನೆ.

ವನಮಾಲಾ